ಮನೆಯಲ್ಲಿ ಓದಲು, ನೋಡಲು ಏನು ಆರಿಸಿಕೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಪುಸ್ತಕ ಮತ್ತು ಟಿವಿ ಡ್ರಾಮಾಗಳ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಮಾತಿನ ನಡುವೆ ಕೇಳಿದ್ದು, ಪತ್ರದಲ್ಲಿ ಬಂದದ್ದು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಸುಲಭದ್ದು ಮೊದಲು, ಸ್ವಲ್ಪ ಯೋಚಿಸಬೇಕಾದದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಶುರು ಮಾಡುವವರಿಗೆ

ಏನು ಓದಬೇಕು, ಏನು ನೋಡಬೇಕು ಅಂತಲೇ ಗೊತ್ತಾಗ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಈಚೆಗೆ ನಿಮಗೆ ನಿಜವಾಗಿ ಹಿಡಿಸಿದ ಮೂರನ್ನು ನೆನಪಿಸಿಕೊಳ್ಳಿ. ಪುಸ್ತಕವೋ, ಸೀರೀಸೋ, ಸಿನಿಮಾವೋ, ಯಾವುದಾದರೂ ಸರಿ. ಪ್ರತಿಯೊಂದರ ಮುಂದೆ ಯಾಕೆ ಹಿಡಿಸಿತು ಅಂತ ಒಂದೇ ಸಾಲು ಬರೆಯಿರಿ. 'ಚೆನ್ನಾಗಿತ್ತು' ಅಂತ ಬರೆದರೆ ಪ್ರಯೋಜನವಿಲ್ಲ. 'ಅಕ್ಕ ತಂಗಿಯರ ಜಗಳ ನಮ್ಮ ಮನೆಯದೇ ಅನ್ನಿಸಿತು', 'ಕೊಲೆಗಾರ ಯಾರು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ', 'ಮಾತು ಕಡಿಮೆ, ನೋಡ್ತಾ ಇದ್ದರೆ ಮನಸ್ಸು ಹಗುರಾಯಿತು', ಹೀಗೆ ಬಿಡಿಸಿ ಬರೆಯಿರಿ.

ನಿಮ್ಮ ರುಚಿ ಇರುವುದು ಈ ಸಾಲುಗಳಲ್ಲಿ. ಮೂರರಲ್ಲೂ ಕಿತ್ತಾಡುವ ಕುಟುಂಬವೇ ಇದ್ದರೆ ನಿಮಗೆ ಬೇಕಾಗಿರುವುದು ಕುಟುಂಬದ ಕಥೆ. ಅದು ರಾಜಮನೆತನದ್ದಾದರೂ ನಡೆಯುತ್ತದೆ, ಅಂಗಡಿ ನಡೆಸುವವರದ್ದಾದರೂ ನಡೆಯುತ್ತದೆ. ಯಾರನ್ನಾದರೂ ಸಲಹೆ ಕೇಳುವಾಗಲೂ ಈ ಸಾಲನ್ನೇ ಹೇಳಿ. 'ಒಳ್ಳೇದು ಯಾವುದಾದ್ರೂ ಹೇಳಿ' ಅಂತ ಕೇಳಿದರೆ ಅವರು ತಮಗೆ ಇಷ್ಟವಾದದ್ದನ್ನು ಹೇಳುತ್ತಾರೆ, ಅಷ್ಟೆ.

ನಾನು ಯಾವಾಗಲೂ ಒಂದೇ ಥರದ್ದು ಓದ್ತೀನಿ, ಒಂದೇ ಥರದ್ದು ನೋಡ್ತೀನಿ. ಅದರಲ್ಲಿ ತಪ್ಪೇನಿದೆ?

ತಪ್ಪೇನೂ ಇಲ್ಲ. ಆದರೆ ಒಂದೇ ಥರದ ಹತ್ತು ಕಥೆ ಸಾಲಾಗಿ ಓದಿದರೆ, ಹನ್ನೊಂದನೆಯದರ ಕೊನೆ ಅರ್ಧ ದಾರಿಯಲ್ಲೇ ಗೊತ್ತಾಗಿಬಿಡುತ್ತದೆ. ಆಗ ಸಪ್ಪೆ ಆಗುವುದು ನಿಮ್ಮ ಮೆಚ್ಚಿನ ಥರದ ಕಥೆಯೇ. ನಡುವೆ ಬೇರೇನಾದರೂ ಬಂದರೆ ಹಳೆಯದರ ಮೇಲಿನ ಆಸೆಯೂ ಉಳಿಯುತ್ತದೆ.

ಹಾಗಂತ ಇಷ್ಟವಿಲ್ಲದ್ದನ್ನು ಕಷ್ಟಪಟ್ಟು ಓದಬೇಕಿಲ್ಲ. ನಾನು ಎಲ್ಲರಿಗೂ ಹೇಳುವುದು ಒಂದೇ: ಒಂದನ್ನು ಉಳಿಸಿಕೊಳ್ಳಿ, ಒಂದನ್ನು ಬದಲಿಸಿ. ಪ್ರೇಮಕಥೆ ಇಷ್ಟವಾದರೆ ಪ್ರೇಮಕಥೆಯನ್ನು ಉಳಿಸಿಕೊಂಡು ದೇಶ ಬದಲಿಸಿ. ಒಂದು ಕಾಲದ ಇತಿಹಾಸ ಇಷ್ಟವಾದರೆ ಆ ಕಾಲವನ್ನು ಉಳಿಸಿಕೊಂಡು, ಕಾದಂಬರಿಯ ಬದಲು ಆಗ ಬದುಕಿದ್ದವರ ದಿನಚರಿಯನ್ನೋ ಪತ್ರಗಳನ್ನೋ ಓದಿ. ಕಾಲು ಊರಲು ಗೊತ್ತಿರುವ ನೆಲ ಒಂದಿರುತ್ತದೆ, ಹೊಸದೂ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದವರು ಮೂವತ್ತು ಪುಟಕ್ಕೇ ವಾಪಸ್ ಬರುತ್ತಾರೆ, ಆಮೇಲೆ 'ಹೊಸದು ನನಗೆ ಆಗಿಬರಲ್ಲ' ಅಂತ ತೀರ್ಮಾನಿಸಿಬಿಡುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಓದೋದು ಬಿಟ್ಟು ವರ್ಷಗಳೇ ಆದವು. ಈಗ ಕೂತರೆ ಎರಡು ಪುಟಕ್ಕೇ ಫೋನ್ ಕಡೆ ಕೈ ಹೋಗುತ್ತೆ. ಏನು ಮಾಡಲಿ?

ದಪ್ಪ ಕಾದಂಬರಿಯಿಂದ ಶುರು ಮಾಡಬೇಡಿ. ಸಣ್ಣಕಥೆ, ಲಘು ಪ್ರಬಂಧ, ಪ್ರವಾಸಕಥನ ಇವುಗಳನ್ನು ಹಿಡಿಯಿರಿ. ಒಮ್ಮೆ ಕೂತರೆ ಒಂದು ಕಥೆ ಮುಗಿಯಬೇಕು. ಮುಗಿಸಿದ ಖುಷಿಯೇ ಮರುದಿನ ಮತ್ತೆ ಕೂರಿಸುತ್ತದೆ. ಮೊದಲೊಮ್ಮೆ ಓದಿ ಮೆಚ್ಚಿದ ಹಳೆಯ ಪುಸ್ತಕವನ್ನೇ ಮತ್ತೆ ಓದುವುದೂ ಒಳ್ಳೆಯ ದಾರಿ. ಕಥೆ ಗೊತ್ತಿರುವುದರಿಂದ ಗಮನ ಅತ್ತಿತ್ತ ಹೋದರೂ ಎಳೆ ತಪ್ಪುವುದಿಲ್ಲ.

ಫೋನ್ ಬೇರೆ ಕೋಣೆಯಲ್ಲಿರಲಿ. ಮೌನದಲ್ಲಿಟ್ಟು ಪಕ್ಕದಲ್ಲೇ ಮಗುಚಿ ಇಟ್ಟರೆ ಸಾಲದು.

ಟಿವಿ ನೋಡೋದು ಸುಮ್ನೆ ಕಾಲ ಕಳೆಯೋದು, ಓದೋದು ಮಾತ್ರ ಒಳ್ಳೇದು ಅಂತಾರೆ. ನಿಜಾನಾ?

ನಾನು ಒಪ್ಪುವುದಿಲ್ಲ. ಕಂತುಗಳಲ್ಲಿ ಕಥೆ ಹೇಳುವುದು ಟಿವಿ ಹುಟ್ಟುಹಾಕಿದ್ದೂ ಅಲ್ಲ. ಚಾರ್ಲ್ಸ್ ಡಿಕನ್ಸ್ ಅವರ ಮೊದಲ ಕಾದಂಬರಿ 1836ರಿಂದ 1837ರವರೆಗೆ ತಿಂಗಳ ಕಂತುಗಳಾಗಿ ಮಾರಾಟವಾಯಿತು. ಇವತ್ತು ನಾವು ಗೌರವದಿಂದ ಕಪಾಟಿನಲ್ಲಿಟ್ಟಿರುವ ಎಷ್ಟೋ ಹಳೆಯ ಕಾದಂಬರಿಗಳು ಆಗಿನ ಓದುಗರಿಗೆ 'ಮುಂದೇನಾಯ್ತು' ಅಂತ ಕಾಯಿಸಿದ ಧಾರಾವಾಹಿಗಳೇ.

ಎರಡಕ್ಕೂ ಬೇರೆ ಬೇರೆ ಶಕ್ತಿ ಇದೆ. ಒಬ್ಬ ಮನುಷ್ಯ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಅಂದುಕೊಳ್ಳುವುದನ್ನು ಪುಸ್ತಕ ಪುಟಗಟ್ಟಲೆ ಹೇಳಬಲ್ಲದು. ಅದೇ ಮನುಷ್ಯ ಉತ್ತರ ಕೊಡುವ ಮುಂಚೆ ಅರೆ ಕ್ಷಣ ತಡೆದದ್ದನ್ನು ಒಳ್ಳೆಯ ನಟಿ ಅಥವಾ ನಟ ಒಂದು ನೋಟದಲ್ಲಿ ತೋರಿಸುತ್ತಾರೆ. ಕಾಲ ಹಾಳಾಗುವುದು ಗಮನವಿಲ್ಲದೆ ನೋಡಿದಾಗ. ಗಮನವಿಲ್ಲದೆ ಓದಿದರೂ ಅಷ್ಟೆ.

## ಆರಿಸುವಾಗ

ಪುಸ್ತಕ ನನಗೆ ಹಿಡಿಸುತ್ತೋ ಇಲ್ವೋ ಅಂತ ಕೊಳ್ಳೋ ಮೊದಲೇ ತಿಳಿಯೋದು ಹೇಗೆ?

ಬೆನ್ನುಡಿಯನ್ನು ನಂಬಿ ಕೊಳ್ಳಬೇಡಿ. ಅಲ್ಲಿರುವುದು ಹೊಗಳಿಕೆ. ಮುನ್ನುಡಿಯನ್ನೂ ಆಮೇಲೆ ಓದಬಹುದು, ಕೆಲವು ಮುನ್ನುಡಿಗಳು ಕಥೆಯ ಗುಟ್ಟನ್ನೇ ಬಿಟ್ಟುಕೊಡುತ್ತವೆ.

ಮೊದಲ ಪುಟ ಓದಿ. ಆಮೇಲೆ ಪುಸ್ತಕದ ನಡುವೆ ಎಲ್ಲಾದರೂ ತೆರೆದು ಎರಡು ಪುಟ ಓದಿ. ಮೊದಲ ಪುಟವನ್ನು ಎಲ್ಲ ಬರಹಗಾರರೂ ತಿದ್ದಿ ತೀಡಿರುತ್ತಾರೆ. ನಡುವಿನ ಪುಟದಲ್ಲಿ ಅವರ ದಿನನಿತ್ಯದ ನಡಿಗೆ ಕಾಣುತ್ತದೆ. ಅಲ್ಲಿ ಇಬ್ಬರು ಮಾತಾಡುತ್ತಿದ್ದರೆ ಇನ್ನೂ ಒಳ್ಳೆಯದು. 'ಎಂದಳು', 'ಎಂದನು' ಇಲ್ಲದಿದ್ದರೂ ಮಾತು ಯಾರದು ಅಂತ ಗೊತ್ತಾಗುತ್ತದಾ? ಮಾತಿನಲ್ಲಿ ಓದುಗರಿಗೆ ಮಾಹಿತಿ ತುರುಕುತ್ತಿದ್ದಾರಾ, ಅಥವಾ ಒಬ್ಬರಿಂದ ಒಬ್ಬರಿಗೆ ಏನೋ ಬೇಕಾಗಿ ಮಾತಾಡುತ್ತಿದ್ದಾರಾ? ಹೆಸರುಗಳೇ ಗೊತ್ತಿಲ್ಲದ ಆ ಎರಡು ಪುಟ ಮುಗಿದ ಮೇಲೂ ಮುಂದಿನ ಪುಟ ತಿರುಗಿಸಿದಿರಿ ಅಂದರೆ ಪುಸ್ತಕ ನಿಮ್ಮದು.

ಕಥೆಯಲ್ಲದ ಪುಸ್ತಕವಾದರೆ ಪರಿವಿಡಿ ನೋಡಿ. ಅಧ್ಯಾಯಗಳ ಹೆಸರುಗಳಲ್ಲಿ ನಿಮಗೆ ತಿಳಿಯಬೇಕೆನಿಸುವುದು ಮೂರಾದರೂ ಇರಬೇಕು. ಇ-ಪುಸ್ತಕವಾದರೆ ಮಾದರಿ ಪುಟಗಳನ್ನು ಉಚಿತವಾಗಿ ಕೊಡುತ್ತಾರೆ, ಮೊದಲು ಅದನ್ನೇ ಇಳಿಸಿಕೊಳ್ಳಿ.

ಶುರು ಮಾಡಿದ್ದನ್ನು ಅರ್ಧಕ್ಕೆ ಬಿಟ್ಟರೆ ಪರವಾಗಿಲ್ವಾ?

ಖಂಡಿತ ಪರವಾಗಿಲ್ಲ. ನ್ಯಾನ್ಸಿ ಪರ್ಲ್ ಎಂಬ ಅಮೆರಿಕದ ಗ್ರಂಥಪಾಲಕಿ ಹೇಳಿದ ಲೆಕ್ಕ ನನಗೆ ಇಷ್ಟ. ಐವತ್ತು ವರ್ಷದವರೆಗಿನವರು ಪುಸ್ತಕಕ್ಕೆ 50 ಪುಟಗಳ ಅವಕಾಶ ಕೊಡಬೇಕು. ಐವತ್ತು ದಾಟಿದವರು 100ರಲ್ಲಿ ತಮ್ಮ ವಯಸ್ಸನ್ನು ಕಳೆಯಬೇಕು, ಉಳಿದಷ್ಟು ಪುಟ ಓದಿದರೆ ಸಾಕು. ಎಪ್ಪತ್ತು ವರ್ಷದವರು 30 ಪುಟ ಓದಿ ಬಿಡಬಹುದು.

ಡ್ರಾಮಾಕ್ಕೆ ನಾನು ಕೊಡುವುದು ಎರಡು ಎಪಿಸೋಡ್. ಮೊದಲನೆಯದರಲ್ಲಿ ಪಾತ್ರಗಳ ಪರಿಚಯ ಮಾಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಎರಡನೆಯದರಲ್ಲಿ ಕಥೆ ತನ್ನ ನಿಜವಾದ ವೇಗಕ್ಕೆ ಬರುತ್ತದೆ. 'ಐದನೇ ಎಪಿಸೋಡಿಂದ ಚೆನ್ನಾಗಿದೆ, ತಡ್ಕೋ' ಅಂತ ಯಾರಾದರೂ ಹೇಳಿದರೆ, ನಿಮ್ಮ ರುಚಿ ಚೆನ್ನಾಗಿ ಬಲ್ಲವರು ಹೇಳಿದ್ದಾದರೆ ಮಾತ್ರ ಕೇಳಿ.

ರೇಟಿಂಗ್ ನೋಡಿ ಆರಿಸಬಹುದಾ?

ಸರಾಸರಿ ಅಂಕಕ್ಕಿಂತ ಬೈಗುಳ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಡಿಮೆ ಅಂಕ ಕೊಟ್ಟವರು ಏನು ದೂರಿದ್ದಾರೆ ನೋಡಿ. 'ತುಂಬಾ ನಿಧಾನ, ಏನೂ ಆಗೋದೇ ಇಲ್ಲ' ಅಂತ ದೂರಿದ್ದರೆ, ನಿಧಾನದ ಕಥೆ ಇಷ್ಟಪಡುವವರಿಗೆ ಅದೇ ಶಿಫಾರಸು. 'ಕೊನೆಯನ್ನು ಅವಸರದಲ್ಲಿ ಮುಗಿಸಿದ್ದಾರೆ' ಅಂತ ಹತ್ತು ಜನ ಬರೆದಿದ್ದರೆ ಸ್ವಲ್ಪ ಎಚ್ಚರ.

ಕೊರಿಯನ್, ಟರ್ಕಿಶ್, ಬ್ರಿಟಿಷ್, ಜಪಾನೀಸ್ ಅಂತ ಎಷ್ಟೊಂದು ಇವೆ. ಯಾವುದಕ್ಕೆ ಎಷ್ಟು ಹೊತ್ತು ಬೇಕು?

ಕಥೆ ಯಾವುದು ಅಂತ ನೋಡುವ ಮೊದಲು ಅದರ ಅಳತೆ ನೋಡಬೇಕು. ಎಷ್ಟೋ ಜನ ಒಳ್ಳೆಯ ಡ್ರಾಮಾಗಳನ್ನು ಬಿಟ್ಟುಬಿಡುವುದು ಕಥೆ ಚೆನ್ನಾಗಿಲ್ಲ ಅಂತಲ್ಲ, ಅದು ಅವರ ದಿನಕ್ಕೆ ಹೊಂದುವುದಿಲ್ಲ ಅಂತ. ಒಂದೊಂದು ನಾಡಿನ ಟಿವಿಗೆ ಒಂದೊಂದು ಪದ್ಧತಿ ಇದೆ.

ಕೊರಿಯಾದ ಡ್ರಾಮಾ ಬಹುಕಾಲ 16 ಎಪಿಸೋಡಿನ ಲೆಕ್ಕದಲ್ಲಿ ಬಂದಿದೆ. ಒಂದೊಂದೂ ಸುಮಾರು ಒಂದು ಗಂಟೆ, ವಾರಕ್ಕೆ ಎರಡು. ಈಚೆಗೆ 12ರದ್ದೂ ಬರುತ್ತಿವೆ. ಸಾಮಾನ್ಯವಾಗಿ ಇಡೀ ಕಥೆಯನ್ನು ಒಬ್ಬರೇ ಬರೆಯುತ್ತಾರೆ, ಒಂದೇ ಸೀಸನ್ನಿನಲ್ಲಿ ಕಥೆ ಮುಗಿಯುತ್ತದೆ. ಹಾಗಾಗಿ ಒಂದು ದೊಡ್ಡ ಕಾದಂಬರಿ ಓದಿದ ತೃಪ್ತಿ ಸಿಗುತ್ತದೆ. ಜಪಾನಿನದು ಇನ್ನೂ ಚಿಕ್ಕದು. ಅಲ್ಲಿ ಮೂರು ತಿಂಗಳಿಗೊಂದು ಹೊಸ ಸರದಿ, ವಾರಕ್ಕೊಂದರಂತೆ ಹತ್ತು ಹನ್ನೊಂದು ಎಪಿಸೋಡ್. ದಿನಕ್ಕೆ ಮುಕ್ಕಾಲು ಗಂಟೆ ಬಿಡುವು ಮಾಡಿಕೊಂಡರೆ ಎರಡು ವಾರದೊಳಗೆ ಮುಗಿಯುತ್ತದೆ. ಹೊಸ ನಾಡಿನ ಡ್ರಾಮಾ ಮೊದಲ ಸಲ ನೋಡುವವರಿಗೆ ನಾನು ಇದನ್ನೇ ಹೇಳುವುದು.

ಬ್ರಿಟಿಷರ ಕಿರುಸರಣಿ ಮೂರರಿಂದ ಆರು ಎಪಿಸೋಡಿಗೆ ಮುಗಿಯುವುದು ಸಾಮಾನ್ಯ. ಶನಿವಾರ ಶುರು ಮಾಡಿ ಭಾನುವಾರ ಮುಗಿಸಬಹುದು. ಅಮೆರಿಕದ ಹಳೆಯ ಟಿವಿ ಸರಣಿಗಳಿಗೆ ಒಂದು ಸೀಸನ್ನಿಗೇ 22ರ ಆಸುಪಾಸು. ಓಟಿಟಿ ಬಂದ ಮೇಲೆ ಅದು ಎಂಟು ಹತ್ತಕ್ಕೆ ಇಳಿದಿದೆ. ಹಳೆಯವುಗಳಲ್ಲಿ ಒಂದೊಂದು ಎಪಿಸೋಡಿಗೆ ಒಂದೊಂದು ಕಥೆ ಮುಗಿಯುವುದು ಜಾಸ್ತಿ. ದಿನಾ ಕೂರಲಾಗದವರಿಗೆ ಇವೇ ಅನುಕೂಲ, ಎರಡು ವಾರ ಬಿಟ್ಟು ಬಂದರೂ ಎಳೆ ಸಿಗುತ್ತದೆ.

ಟರ್ಕಿಯದು ಬೇರೆಯೇ ಲೋಕ. ಅಲ್ಲಿನ ಟಿವಿಯಲ್ಲಿ ವಾರಕ್ಕೊಂದು ಎಪಿಸೋಡ್, ಒಂದೊಂದೂ ಎರಡು ಗಂಟೆಗೂ ಜಾಸ್ತಿ. ಹೊರದೇಶಕ್ಕೆ ಕೊಡುವಾಗ ಅದನ್ನೇ ಚಿಕ್ಕದಾಗಿ ಕತ್ತರಿಸುತ್ತಾರೆ. ಒಂದೇ ಡ್ರಾಮಾಕ್ಕೆ ಒಂದು ಕಡೆ 40, ಇನ್ನೊಂದು ಕಡೆ 100ಕ್ಕೂ ಹೆಚ್ಚು ಎಪಿಸೋಡ್ ಕಾಣಿಸುವುದು ಇದಕ್ಕೇ. ಬೇರೆ ಬೇರೆ ಡ್ರಾಮಾ ಅಂದುಕೊಳ್ಳಬೇಡಿ. ಲ್ಯಾಟಿನ್ ಅಮೆರಿಕದ ಟೆಲೆನೊವೆಲಾ ಎಂಬ ಧಾರಾವಾಹಿಗಳು ನೂರು ದಾಟುತ್ತವೆ, ಆದರೆ ಅವಕ್ಕೆ ಖಚಿತವಾದ ಕೊನೆ ಇರುತ್ತದೆ. ಚೀನಾದ ಡ್ರಾಮಾಗಳು ಉದ್ದವಾಗುತ್ತ ಹೋಗಿ, 2020ರಲ್ಲಿ ಅಲ್ಲಿನ ಸರ್ಕಾರವೇ 40 ಎಪಿಸೋಡ್ ಮೀರಬಾರದು ಅಂತ ಸೂಚಿಸಬೇಕಾಯಿತು.

ಪುಸ್ತಕಕ್ಕೂ ಈ ಲೆಕ್ಕ ಹಾಕಿ. ಪುಟಕ್ಕೆ ಎರಡು ನಿಮಿಷ ಅಂದರೆ 300 ಪುಟದ ಕಾದಂಬರಿಗೆ ಹತ್ತು ಗಂಟೆ. ಹದಿನಾರು ಎಪಿಸೋಡಿನ ಡ್ರಾಮಾಕ್ಕಿಂತ ಕಡಿಮೆಯೇ! 'ಓದಲು ಟೈಮ್ ಇಲ್ಲ' ಅನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

ಡಬ್ಬಿಂಗ್ ಒಳ್ಳೇದಾ, ಸಬ್‌ಟೈಟಲ್ ಒಳ್ಳೇದಾ?

ನಟರ ದನಿ ಕೇಳಬೇಕಾದರೆ ಸಬ್‌ಟೈಟಲ್. ಅಳು, ಗದರಿಕೆ, ಪಿಸುಮಾತು ಎಲ್ಲ ಮೂಲದ ದನಿಯಲ್ಲೇ ಚೆನ್ನ. ಆದರೆ ಚಿಕ್ಕ ಮಕ್ಕಳು, ಕಣ್ಣು ಮಂಜಾದ ಹಿರಿಯರು ಜೊತೆಗಿದ್ದರೆ ಡಬ್ಬಿಂಗನ್ನು ಕೀಳಾಗಿ ನೋಡಬೇಡಿ. ಎಲ್ಲರೂ ಕೂಡಿ ನೋಡುವುದು ಅದಕ್ಕಿಂತ ದೊಡ್ಡದು. ಸಬ್‌ಟೈಟಲ್ ಅಕ್ಷರ ಚಿಕ್ಕದಾಯಿತು ಅನ್ನಿಸಿದರೆ, ಹೆಚ್ಚಿನ ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅದರ ಗಾತ್ರ, ಬಣ್ಣ, ಹಿನ್ನೆಲೆ ಬದಲಿಸಬಹುದು. ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಓದಲು ಸುಲಭ.

ಅನುವಾದದ ಪುಸ್ತಕ ಓದಿದರೆ ಅರ್ಧ ರುಚಿ ಹೋಗುತ್ತೆ ಅಲ್ವಾ?

ಸ್ವಲ್ಪ ಹೋಗುತ್ತದೆ. ಓದದೇ ಬಿಟ್ಟರೆ ಪೂರ್ತಿ ಹೋಗುತ್ತದೆ. ಒಬ್ಬ ಮನುಷ್ಯ ಎಷ್ಟು ಭಾಷೆ ಕಲಿಯಲು ಸಾಧ್ಯ? ಪುಸ್ತಕ ಆರಿಸುವಾಗ ಅನುವಾದಕರ ಹೆಸರನ್ನೂ ನೋಡಿ. ಹಿಡಿಸಿದ ಅನುವಾದಕರು ಬೇರೆ ಏನೇನು ತಂದಿದ್ದಾರೆ ಅಂತ ಹುಡುಕಿ. ಅವರು ತಮಗೆ ಒಪ್ಪಿದ್ದನ್ನೇ ಆರಿಸಿ ತಿಂಗಳುಗಟ್ಟಲೆ ಅದರ ಜೊತೆ ಕೂತಿರುತ್ತಾರೆ, ಅವರ ಪಟ್ಟಿಯೇ ಒಂದು ಒಳ್ಳೆಯ ಶಿಫಾರಸು. ಇಂಗ್ಲಿಷಿಗೆ ಅನುವಾದವಾದ ಪುಸ್ತಕಕ್ಕೆ ಕೊಡುವ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿಯ ಹಣವನ್ನು 2016ರಿಂದ ಲೇಖಕರಿಗೂ ಅನುವಾದಕರಿಗೂ ಸಮನಾಗಿ ಹಂಚುತ್ತಿದ್ದಾರೆ. 2025ರಲ್ಲಿ ಅದು ಕನ್ನಡದಿಂದ ಇಂಗ್ಲಿಷಿಗೆ ಹೋದ ಸಣ್ಣಕಥೆಗಳ ಸಂಕಲನಕ್ಕೆ ಬಂತು. ಈ ಪ್ರಶಸ್ತಿಯ ಹಿಂದಿನ ವರ್ಷಗಳ ಪಟ್ಟಿ ನೋಡಿದರೆ ಬೇರೆ ಬೇರೆ ನಾಡುಗಳ ಪುಸ್ತಕಗಳು ಒಂದೇ ಕಡೆ ಸಿಗುತ್ತವೆ. ಗೆದ್ದದ್ದನ್ನು ಮಾತ್ರ ನೋಡಬೇಡಿ, ಕೊನೆಯ ಸುತ್ತಿಗೆ ಬಂದವನ್ನೂ ನೋಡಿ.

## ರುಚಿ ಹಿಗ್ಗಿಸಿಕೊಳ್ಳುವವರಿಗೆ

ಪತ್ತೇದಾರಿ ಬಿಟ್ಟು ಬೇರೇನೂ ರುಚಿಸಲ್ಲ. ಹೊರಗೆ ಬರೋದು ಹೇಗೆ?

ಹೊರಗೆ ಬರಬೇಕಾಗಿಯೇ ಇಲ್ಲ. ಪತ್ತೇದಾರಿಯೊಳಗೇ ನಡೆಯುತ್ತ ಹೋದರೆ ದಾರಿ ತಾನಾಗಿ ಬೇರೆಡೆಗೆ ತಿರುಗುತ್ತದೆ. ಒಂದೊಂದೇ ಹೆಜ್ಜೆ ತೋರಿಸುತ್ತೇನೆ.

ಷರ್ಲಾಕ್ ಹೋಮ್ಸ್‌ನಿಂದ ಶುರು ಮಾಡಿದಿರಿ ಅನ್ನಿ. ಇರುವುದು ನಾಲ್ಕು ಕಾದಂಬರಿ, 56 ಸಣ್ಣಕಥೆ. ನೀವು ಕಾದಂಬರಿ ಓದುವವರಾದರೆ ಈ ಸಣ್ಣಕಥೆಗಳಿಗೆ ಬನ್ನಿ. ಪತ್ತೇದಾರ ಉಳಿದ, ಅಳತೆ ಬದಲಾಯಿತು. ಇಪ್ಪತ್ತು ಮೂವತ್ತು ಪುಟದಲ್ಲಿ ಕಥೆ ಮುಗಿಸುವ ಕಲೆ ನಿಮಗೆ ಹಿಡಿಸಬಹುದು. ಹಿಡಿಸಿದರೆ ಪತ್ತೇದಾರ ಇಲ್ಲದ ಸಣ್ಣಕಥೆಗಳಿಗೂ ಬಾಗಿಲು ತೆರೆಯಿತು.

ಮುಂದೆ ಟಿವಿಗೆ ಬನ್ನಿ. ಅಮೆರಿಕದ 'ಕೊಲಂಬೊ' ಸರಣಿಯಲ್ಲಿ ಕೊಲೆಗಾರ ಯಾರು ಅಂತ ಸಾಮಾನ್ಯವಾಗಿ ಶುರುವಿನಲ್ಲೇ ತೋರಿಸಿಬಿಡುತ್ತಾರೆ. ಪತ್ತೇದಾರ ಅವರನ್ನು ಹೇಗೆ ಹಿಡಿಯುತ್ತಾನೆ ಅನ್ನುವುದಷ್ಟೇ ಕುತೂಹಲ. 'ಯಾರು' ಅನ್ನುವ ಪ್ರಶ್ನೆ ಹೋದ ಮೇಲೂ ನೀವು ಕೂತು ನೋಡಿದರೆ, ನಿಮಗೆ ಬೇಕಿದ್ದದ್ದು ಬರೀ ಗುಟ್ಟಲ್ಲ, ಇಬ್ಬರು ಜಾಣರ ಹಣಾಹಣಿ. ಹಾಗಾದರೆ ಕೋರ್ಟಿನ ಕಥೆ, ರಾಜಕೀಯದ ಡ್ರಾಮಾ, ಬೇಹುಗಾರಿಕೆ ಎಲ್ಲವೂ ನಿಮಗೆ ಒಗ್ಗುತ್ತವೆ.

ಆಮೇಲೆ 2007ರಲ್ಲಿ ಡೆನ್ಮಾರ್ಕಿನಲ್ಲಿ ಬಂದ, ಇಂಗ್ಲಿಷಿನಲ್ಲಿ 'ದಿ ಕಿಲ್ಲಿಂಗ್' ಅಂತ ಹೆಸರಾದ ಸರಣಿ. ಮೊದಲ ಸೀಸನ್ನಿನಲ್ಲಿ ಒಂದೇ ಕೊಲೆ, 20 ಎಪಿಸೋಡ್. ಒಂದು ಎಪಿಸೋಡಿಗೆ ತನಿಖೆಯ ಒಂದು ದಿನ. ಪೊಲೀಸರಷ್ಟೇ ಹೊತ್ತನ್ನು ಸತ್ತ ಹುಡುಗಿಯ ಅಪ್ಪ ಅಮ್ಮನಿಗೂ ಕೊಡುತ್ತಾರೆ. ಕೊಲೆಗಾರ ಯಾರು ಅನ್ನುವುದಕ್ಕಿಂತ ಆ ಮನೆಯವರು ಹೇಗೆ ಬದುಕುತ್ತಾರೆ ಅನ್ನುವುದೇ ನಿಮ್ಮನ್ನು ಹಿಡಿದರೆ, ಈಗ ನೀವು ನೋಡುತ್ತಿರುವುದು ಕುಟುಂಬದ ಕಥೆ. ಇಲ್ಲಿಂದ ಮುಂದೆ ಸಾವು ನೋವಿನ ಬಗೆಗಿನ ಕಾದಂಬರಿಗೋ ಆತ್ಮಕಥೆಗೋ ಹೋಗುವುದು ಕಷ್ಟವಲ್ಲ. ವಿಷ, ಬೆರಳಚ್ಚು, ವಿಧಿವಿಜ್ಞಾನದ ಕಡೆ ಮನಸ್ಸು ಹೋದರೆ ವಿಜ್ಞಾನದ ಪುಸ್ತಕಗಳಿಗೂ ದಾರಿ ಇದೆ.

ಪುಸ್ತಕ ಮೊದಲು ಓದಬೇಕಾ, ಅದರ ಮೇಲೆ ಮಾಡಿದ ಸೀರೀಸ್ ಮೊದಲು ನೋಡಬೇಕಾ?

ಗುಟ್ಟಿನ ಮೇಲೆ ನಿಂತ ಕಥೆಯಾದರೆ ಪುಸ್ತಕ ಮೊದಲು. ಹತ್ತಾರು ಪಾತ್ರ, ಮೂರು ತಲೆಮಾರು ಇರುವ ದೊಡ್ಡ ಕಾದಂಬರಿಯಾದರೆ ಸೀರೀಸ್ ಮೊದಲು ನೋಡಿ. ಮುಖಗಳು ನೆನಪಿದ್ದರೆ ಹೆಸರುಗಳು ಗೊಂದಲ ಮಾಡುವುದಿಲ್ಲ, ದಪ್ಪ ಪುಸ್ತಕದ ಭಯವೂ ಹೋಗುತ್ತದೆ.

ಎರಡೂ ಒಂದೇ ಆಗಿರಬೇಕು ಅಂತ ಮಾತ್ರ ನಿರೀಕ್ಷಿಸಬೇಡಿ. ಜೇನ್ ಆಸ್ಟಿನ್ ಅವರ 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನು ಬಿಬಿಸಿ 1995ರಲ್ಲಿ ಆರು ಎಪಿಸೋಡ್ ಮಾಡಿತು. ಅದರಲ್ಲಿ ಎಲ್ಲರೂ ನೆನಪಿಟ್ಟುಕೊಂಡಿರುವುದು ನಾಯಕ ಕೊಳದಲ್ಲಿ ಈಜಿ, ಒದ್ದೆ ಅಂಗಿಯಲ್ಲಿ ನಡೆದುಬರುವಾಗ ನಾಯಕಿ ಎದುರಾಗುವ ಘಟ್ಟ. ಕಾದಂಬರಿಯಲ್ಲಿ ಆ ಈಜಾಟ ಇಲ್ಲವೇ ಇಲ್ಲ. ಅಲ್ಲಿ ಇಬ್ಬರೂ ಅನಿರೀಕ್ಷಿತವಾಗಿ ಎದುರಾಗುತ್ತಾರೆ, ಮುಖ ಕೆಂಪಾಗುತ್ತದೆ, ಮಾತು ತಡವರಿಸುತ್ತದೆ. ಆ ಮುಜುಗರವನ್ನು ಕ್ಯಾಮೆರಾಗೆ ತೋರಿಸಲು ಅವರು ಹುಡುಕಿದ ಉಪಾಯ ಈ ಕೊಳ. ಹೀಗೆ ಏನು ಬಿಟ್ಟರು, ಏನು ಸೇರಿಸಿದರು, ಯಾಕೆ ಅಂತ ನೋಡುತ್ತ ಹೋಗುವುದರಲ್ಲೇ ಒಂದು ಸುಖ ಇದೆ.

ಆ್ಯಪ್ ಬರೀ ಒಂದೇ ಥರದ್ದು ತೋರಿಸ್ತಾ ಇರುತ್ತೆ. ಬೇರೆ ಹೇಗೆ ಹುಡುಕಲಿ?

ನೀವು ನೋಡಿದ್ದನ್ನು ನೋಡಿ ಅದು ಕಲಿಯುತ್ತದೆ, ಹಾಗಾಗಿ ಅದು ತೋರಿಸುವುದು ನಿಮ್ಮ ನಿನ್ನೆಯನ್ನೇ. ನೆಟ್‌ಫ್ಲಿಕ್ಸ್‌ನಲ್ಲಿ ನೋಡಿದ್ದರ ಪಟ್ಟಿಗೆ ಹೋಗಿ, ಬೇಡದ್ದನ್ನು ಅಲ್ಲಿಂದ ಮರೆಮಾಡಬಹುದು. ಆಮೇಲೆ ಅದರ ಆಧಾರದ ಮೇಲೆ ಸಲಹೆ ಬರುವುದಿಲ್ಲ. ಮಕ್ಕಳಿಗೆ, ಹಿರಿಯರಿಗೆ ಬೇರೆ ಪ್ರೊಫೈಲ್ ಮಾಡಿ. ಎಲ್ಲರೂ ಒಂದರಲ್ಲೇ ನೋಡಿದರೆ ಯಾರಿಗೂ ಸರಿಯಾದ ಸಲಹೆ ಸಿಗುವುದಿಲ್ಲ.

ಅದಕ್ಕಿಂತ ಒಳ್ಳೆಯ ದಾರಿ, ಹುಡುಕುವಾಗ ಹೆಸರು ಹಿಡಿದು ಹೋಗುವುದು. ಇಷ್ಟವಾದ ಡ್ರಾಮಾದ ಬರಹಗಾರರು ಯಾರು ನೋಡಿ. ಅವರದೇ ಬೇರೆ ಡ್ರಾಮಾ ಹುಡುಕಿ. ನಾಯಕ ನಾಯಕಿಯ ಹೆಸರು ಹಿಡಿದು ಹೋದರೆ ಅದೇ ಮುಖ ಸಿಗುತ್ತದೆ, ಬರಹಗಾರರ ಹೆಸರು ಹಿಡಿದರೆ ಅದೇ ಮನಸ್ಸು ಸಿಗುತ್ತದೆ.

ಪುಸ್ತಕಕ್ಕಾದರೆ ಲೈಬ್ರರಿಯ ಕಪಾಟಿಗಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಮಾಡಿದ ವರ್ಗೀಕರಣ ಇರುವ ಲೈಬ್ರರಿಗಳಲ್ಲಿ ಎಲ್ಲ ಪುಸ್ತಕಗಳೂ ಹತ್ತು ವಿಭಾಗಗಳಲ್ಲಿ ಇರುತ್ತವೆ. 500 ವಿಜ್ಞಾನ, 700 ಕಲೆ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಪ್ರವಾಸ 910ರ ಸುತ್ತಮುತ್ತ, ಜೀವನಚರಿತ್ರೆ 920ರಲ್ಲಿ. ನೀವು ಯಾವಾಗಲೂ 800ರ ಮುಂದೆ ನಿಲ್ಲುವವರಾದರೆ, ಒಮ್ಮೆ 590ಕ್ಕೆ ಹೋಗಿ. ಅದು ಪ್ರಾಣಿಗಳದ್ದು. ಆನೆಯ ಬಗ್ಗೆಯೋ ಜೇನುಹುಳದ ಬಗ್ಗೆಯೋ ಯಾರೋ ಜೀವಮಾನವಿಡೀ ನೋಡಿ ಬರೆದದ್ದು ಕಾದಂಬರಿಗಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಮನೆಯಲ್ಲಿ ನಾಲ್ಕು ಜನ, ನಾಲ್ಕು ರುಚಿ. ಎಲ್ಲರೂ ಕೂತು ನೋಡೋದು ಹೇಗೆ?

ಸರದಿ ಮಾಡಿ. ಈ ವಾರ ಒಬ್ಬರು ಆರಿಸಿದ್ದು, ಮುಂದಿನ ವಾರ ಇನ್ನೊಬ್ಬರದ್ದು. ಆರಿಸಿದವರು ಯಾಕೆ ಆರಿಸಿದೆ ಅಂತ ಶುರುವಿನಲ್ಲಿ ಎರಡು ಮಾತು ಹೇಳಬೇಕು, ಉಳಿದವರು ಎರಡು ಎಪಿಸೋಡ್ ತನಕ ಗೊಣಗಬಾರದು. ಎಲ್ಲರಿಗೂ ಒಪ್ಪುವಂಥದ್ದನ್ನೇ ಹುಡುಕುತ್ತ ಕೂತರೆ ಸಂಜೆಯೆಲ್ಲ ರಿಮೋಟ್ ಹಿಡಿದು ಹುಡುಕುವುದರಲ್ಲೇ ಮುಗಿಯುತ್ತದೆ. ಮಕ್ಕಳಿದ್ದರೆ ವಯಸ್ಸಿನ ಗುರುತಿನ ಪಕ್ಕದಲ್ಲಿರುವ ವಿವರವನ್ನೂ ಓದಿ. ಹಿಂಸೆಯೋ, ಬೈಗುಳವೋ, ಭಯವೋ ಅಂತ ಅಲ್ಲಿ ಬರೆದಿರುತ್ತಾರೆ.

ಒಂದೇ ಎಪಿಸೋಡ್ ಅಂತ ಕೂತರೆ ರಾತ್ರಿ ಎರಡಾಗುತ್ತೆ. ನಿಲ್ಲಿಸೋದು ಹೇಗೆ?

ಎಪಿಸೋಡಿನ ಕೊನೆಯಲ್ಲಿ ನಿಲ್ಲಿಸಲು ಹೋಗಬೇಡಿ. ನಿಮ್ಮನ್ನು ಏಳಗೊಡಬಾರದು ಅಂತಲೇ ಬರೆದ ಜಾಗ ಅದು. ಬಾಗಿಲು ತಟ್ಟುವ ಸದ್ದು, ಅರ್ಧಕ್ಕೆ ನಿಂತ ಮಾತು, ಎಲ್ಲ ಅಲ್ಲೇ ಇರುತ್ತವೆ. ಮುಂದಿನ ಎಪಿಸೋಡಿನ ಮೊದಲ ಹತ್ತು ನಿಮಿಷ ನೋಡಿ. ಬಾಗಿಲು ತಟ್ಟಿದವರು ಯಾರು ಅಂತ ಗೊತ್ತಾಗುತ್ತದೆ, ಕಥೆ ಉಸಿರು ಬಿಡುತ್ತದೆ. ಅಲ್ಲಿ ನಿಲ್ಲಿಸಿ. ಪುಸ್ತಕಕ್ಕೂ ಇದೇ ಮಾತು, ಅಧ್ಯಾಯದ ನಡುವೆ ಗುರುತಿಟ್ಟು ಮಲಗಿ. ಮುಂದಿನ ಎಪಿಸೋಡ್ ತಾನಾಗಿ ಶುರುವಾಗುವುದನ್ನು ಪ್ರೊಫೈಲ್ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ.

ಕಣ್ಣು ಮೊದಲಿನ ಹಾಗಿಲ್ಲ, ಓದಲು ಕಷ್ಟ. ಏನು ದಾರಿ?

ಇ-ಪುಸ್ತಕದಲ್ಲಿ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಕೇಳುವ ಪುಸ್ತಕಗಳೂ ಇವೆ. ಇಂಗ್ಲಿಷ್ ಓದುವವರಿಗೆ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಇ-ಪುಸ್ತಕ ಭಂಡಾರದಲ್ಲಿ ಹಕ್ಕುಸ್ವಾಮ್ಯ ಮುಗಿದ 70 ಸಾವಿರಕ್ಕೂ ಹೆಚ್ಚು ಪುಸ್ತಕ ಉಚಿತ. ಅಂಥ ಹಳೆಯ ಪುಸ್ತಕಗಳನ್ನೇ ಲಿಬ್ರಿವಾಕ್ಸ್ ಎಂಬ ಜಾಲತಾಣದಲ್ಲಿ ಸ್ವಯಂಸೇವಕರು ಓದಿ ಕೇಳಿಸುತ್ತಾರೆ. ಆರಿಸುವಾಗ ಐದು ನಿಮಿಷ ಕೇಳಿ ನೋಡಿ. ದನಿ ಒಗ್ಗದಿದ್ದರೆ ಎಷ್ಟೇ ಒಳ್ಳೆಯ ಪುಸ್ತಕವಾದರೂ ಮುಂದೆ ಸಾಗುವುದಿಲ್ಲ.

ಇನ್ನೂ ಮುಗಿಯದ ಸರಣಿ ಶುರು ಮಾಡಬಹುದಾ?

ಕಾಯುವ ತಾಳ್ಮೆ ಇದ್ದರೆ ಮಾಡಿ. 'ಗೇಮ್ ಆಫ್ ಥ್ರೋನ್ಸ್' ಟಿವಿ ಸರಣಿ 2011ರಲ್ಲಿ ಶುರುವಾಗಿ 2019ರಲ್ಲಿ ಮುಗಿಯಿತು. ಅದಕ್ಕೆ ಮೂಲವಾದ ಪುಸ್ತಕ ಸರಣಿಯ ಐದನೇ ಸಂಪುಟ ಬಂದದ್ದು 2011ರಲ್ಲಿ, ಡ್ರಾಮಾ ಮುಗಿಯುವ ಹೊತ್ತಿಗೂ ಆರನೆಯದು ಬಂದಿರಲಿಲ್ಲ. ಕೊನೆಯ ಸೀಸನ್‌ಗಳನ್ನು ಪುಸ್ತಕದ ಆಸರೆ ಇಲ್ಲದೆಯೇ ಮಾಡಬೇಕಾಯಿತು.

ಕೊನೆ ಗೊತ್ತಾಗದೆ ನಿದ್ದೆ ಬರದವರು ಮುಗಿದದ್ದನ್ನೇ ಆರಿಸಿ. ಶುರು ಮಾಡುವ ಮೊದಲು ಎರಡು ವಿಷಯ ನೋಡಿ: ಕೊನೆಯ ಸೀಸನ್ ಅಂತ ಅವರೇ ಹೇಳಿ ಮುಗಿಸಿದ್ದಾರಾ, ಅಥವಾ ನಡುವೆ ನಿಂತುಹೋಯಿತಾ. ನಿಂತುಹೋದದ್ದರಲ್ಲೂ ಮೊದಲ ಸೀಸನ್ ತಾನಾಗಿ ಒಂದು ಕಥೆ ಮುಗಿಸಿದ್ದರೆ ಅಷ್ಟನ್ನು ಮಾತ್ರ ನೋಡಬಹುದು. ನನಗೆ ಗೊತ್ತಿರುವ ಎಷ್ಟೋ ಜನ ಹಾಗೆ ಮೊದಲ ಸೀಸನ್ ಮಾತ್ರ ನೋಡಿ, ಮುಂದಿನದನ್ನು ಮುಟ್ಟದೆ ಖುಷಿಯಾಗಿದ್ದಾರೆ.